ಔಷಧಿ ಮಿಷನ್ನು, ಆಟದ ಕಾರು, ಒಂದು ಆಯಿಲ್ ಸೀಲು

ನಮ್ಮ ಟಮೋಟ ತೋಟದ ಪಕ್ಕ ಓಡಾಡಿದವರು ಸುಮಾರು ಜನ ಕೇಳಿದ್ರಿ, "ಕಾಲುವೆ ಕಡೆ ಎಂಟು ಸಾಲು ಏನಣ್ಣಾ ಹಂಗೆ ಸುಟ್ಟೋಗಿದೆ, ಮೇಲಿನ ಸಾಲೆಲ್ಲ ಚೆನ್ನಾಗಿದೆ" ಅಂತ. ಅಂಗಮಾರಿ ಬಂತು ಅಂದ್ಬಿಟ್ಟು ಸುಮ್ಮನಾಗಿದ್ದೆ. ಬಂದಿದ್ದು ಅಂಗಮಾರಿನೇ, ಸುಳ್ಳಲ್ಲ. ಆದರೆ ಔಷಧಿ ಕೈಯಲ್ಲಿಟ್ಟುಕೊಂಡು ಐದು ದಿನ ಹೊಡೆಯೋಕೆ ಆಗಲಿಲ್ಲ, ಯಾಕೆ ಅಂತ ಇವತ್ತು ಬರೀತೀನಿ. ಸ್ವಲ್ಪ ಉದ್ದ ಆಗ್ತದೆ. ಬೆನ್ನಿಗೆ ಹಾಕೋ ಪವರ್ ಸ್ಪ್ರೇಯರ್ ಇರೋರು ಕೊನೆವರೆಗೂ ಓದಿ.

ನಮ್ಮದು 26 ಸಿಸಿ ಟೂ ಸ್ಟ್ರೋಕ್ ಮಿಷನ್ನು. ಆರು ವರ್ಷದ್ದು. ದೀಪಾವಳಿ ಆದ್ಮೇಲೆ ಸೈಕ್ಲೋನ್ ಮೋಡ ಹಿಡಿದು ಬಿಟ್ಟೂ ಬಿಡದೆ ತುಂತುರು ಶುರುವಾಯ್ತಲ್ಲ, ಆವಾಗ ಕೈಕೊಡ್ತು. ಅಂಥ ಹವಾಗುಣದಲ್ಲಿ ಮಳೆ ಬಿಟ್ಟ ಎರಡು ಗಂಟೆ ಸಿಕ್ಕಿದ್ರೆ ಅದೇ ಪುಣ್ಯ ಅಂತ ನಿಮಗೆಲ್ಲ ಗೊತ್ತು. ತಂಪು, ತೇವ, ಎಲೆ ಒಣಗೋದೇ ಇಲ್ಲ. ರೋಗಕ್ಕೆ ಅದಕ್ಕಿಂತ ಒಳ್ಳೆ ಕಾಲ ಇನ್ನೊಂದಿಲ್ಲ.

ಮಿಷನ್ ಸ್ಟಾರ್ಟ್ ಆಗೋದು ಚೆನ್ನಾಗೇ ಆಗೋದು. ಎರಡನೇ ಎಳೆತಕ್ಕೆ. ಒಂದು ಟ್ಯಾಂಕು ಔಷಧಿ ಮುಗಿಯೋ ಹೊತ್ತಿಗೆ ಸದ್ದು ಬದಲಾಗೋದು, ತಾನೇ ತಾನಾಗಿ ಕಿರುಚೋಕೆ ಹತ್ತೋದು. ಆಕ್ಸಿಲೇಟರ್ ಬಿಟ್ಟರೂ ಇಳಿಯಲ್ಲ. ಆಮೇಲೆ ಇದ್ದಕ್ಕಿದ್ದಂಗೆ ಕುಯ್ ಅಂತ ನಿಂತುಬಿಡೋದು. ಕಾಲು ಗಂಟೆ ಇಳಿಸಿಟ್ಟು ತಣ್ಣಗಾದ್ರೆ ಮತ್ತೆ ಹತ್ತಿಕೊಳ್ಳೋದು, ಅರ್ಧ ಟ್ಯಾಂಕಿಗೆ ಮತ್ತೆ ಅದೇ ಕಥೆ.

ಔಷಧಿ ಹೊಡೀತಿದ್ದಿದ್ದು ನಮ್ಮ ಹುಡುಗ. ಹೆಸರು ಬೇಡ. ಮಿಷನ್ ತಂದಾಗಿನಿಂದ ಅದು ಅವನ ಬೆನ್ನ ಮೇಲೇ ಇದೆ, ನಾನು ಹಾಕಿಕೊಂಡಿದ್ದು ನಾಲ್ಕು ಸಲ ಇರಬಹುದು. ಪೆಟ್ರೋಲ್‌ಗೆ ಆಯಿಲ್ ಕಲಸೋದೂ ಅವನೇ, ಲೀಟರಿಗೆ 40 ಮಿ.ಲೀ. ಲೆಕ್ಕ. ಅದಕ್ಕೆ ಅಂತ ಜ್ವರದ ಔಷಧಿ ಬಾಟಲಿ ಜೊತೆ ಬರೋ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇಟ್ಟುಕೊಂಡಿದ್ದ, ನಾಲ್ಕು ಮುಚ್ಚಳ ಒಂದು ಲೀಟರಿಗೆ.

ಮಿಷನ್ ಮೂರನೇ ಸಲ ನಿಂತಾಗ ನಾನೇ ಪ್ಲಗ್ ಬಿಚ್ಚಿ ನೋಡಿದೆ. ಸುಣ್ಣ ಬಳಿದಂಗೆ ಬೆಳ್ಳಗೆ, ಒಣಗಿಕೊಂಡು ಕೂತಿತ್ತು. ಸಾಮಾನ್ಯವಾಗಿ ಕಾಫಿಪುಡಿ ಬಣ್ಣ ಇರಬೇಕು. ನೋಡಿದ ತಕ್ಷಣ ನನಗೆ ಹೊಳೆದಿದ್ದು ಒಂದೇ, ಇವನು ಆಯಿಲ್ ಹಾಕಿಲ್ಲ. ಕೇಳಿದೆ. "ಹಾಕಿದೀನಣ್ಣಾ" ಅಂದ. ಮತ್ತೆ ಕೇಳಿದೆ, ಮತ್ತೆ ಅದೇ, "ಹಾಕಿದೀನಣ್ಣಾ." ಮೋಡ ಬೇರೆ ಕಟ್ತಾ ಇತ್ತು, ಎಲೆ ಮೇಲೆ ಮಚ್ಚೆ ಕಾಣಿಸ್ತಾ ಇತ್ತು, ನನ್ನ ಬಾಯಿಗೆ ಹಿಡಿತ ಇರಲಿಲ್ಲ. ಹಾಕಿದ್ರೆ ಪ್ಲಗ್ ಯಾಕೋ ಹಿಂಗಿದೆ, ಆಯಿಲ್ ದುಡ್ಡು ಎಲ್ಲಿಗೆ ಹೋಯ್ತು ಅಂತ ಕಟ್ಟೆ ಮೇಲೆ ಕೂತಿದ್ದ ಹೆಣ್ಣಾಳುಗಳ ಮುಂದೆ ಅಂದುಬಿಟ್ಟೆ. ದುಡ್ಡಿನ ಮಾತು ಯಾಕೆ ಬಂತೋ ನನಗೇ ಗೊತ್ತಿಲ್ಲ. ಅವನು ಏನೂ ಅನ್ನಲಿಲ್ಲ. ಆ ಮುಚ್ಚಳ ತಗೊಂಡು ಪಂಪ್ ಮನೆ ಗೋಡೆ ಮೇಲೆ ಇಟ್ಟು ಹೊರಟುಹೋದ. ಮಾರನೇ ದಿನ ಬರಲಿಲ್ಲ. ಬೇರೆಯವರ ಕ್ಯಾಪ್ಸಿಕಂ ತೋಟಕ್ಕೆ ಹೋಗ್ತಾ ಇದಾನೆ ಅಂತ ಸಂಜೆ ಗೊತ್ತಾಯ್ತು.

ನನಗೆ ಟೂ ಸ್ಟ್ರೋಕ್ ಬಗ್ಗೆ ಸ್ವಲ್ಪ ಜಂಬ ಇತ್ತು, ಒಪ್ಪಿಕೊಳ್ತೀನಿ. ನಮ್ಮಪ್ಪನ ಹತ್ತಿರ ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತಲ್ಲ, ಅದರ ಗಾಡಿ. ಸೈಲೆನ್ಸರ್ ಒಳಗಿನ ಪೈಪು ಎಳೆದು ಬೆಂಕಿಯಲ್ಲಿ ಸುಟ್ಟು ಮಸಿ ತೆಗೆಯೋದು, ಪ್ಲಗ್ ಉಜ್ಜೋದು, ಪಾಯಿಂಟ್ ಸೆಟ್ ಮಾಡೋದು ಎಲ್ಲ ಹತ್ತನೇ ಕ್ಲಾಸಿಗೆ ಮುಂಚೆನೇ ಕಲಿತಿದ್ದೆ. ಅಷ್ಟು ಗೊತ್ತಿದ್ದಿದ್ದೇ ತಪ್ಪಾಯ್ತು ಅನ್ನಿಸ್ತದೆ. ಏನೂ ಗೊತ್ತಿಲ್ಲದವನು ಹುಡುಗನನ್ನ ಬೈಯೋಕೆ ಮುಂಚೆ ಯಾರನ್ನಾದರೂ ಕೇಳ್ತಿದ್ದ.

ಆಮೇಲಿನ ಎರಡು ದಿನ ನಾನೇ ಮಿಷನ್ ಹಿಂದೆ ಬಿದ್ದೆ. ಟ್ಯಾಂಕ್ ಮುಚ್ಚಳದಲ್ಲಿ ಗಾಳಿ ಆಡೋ ಸಣ್ಣ ತೂತು ಮುಚ್ಚಿಕೊಂಡ್ರೆ ಪೆಟ್ರೋಲ್ ಇಳಿಯಲ್ಲ, ಹತ್ತು ನಿಮಿಷ ಓಡಿ ನಿಲ್ತದೆ. ಅದೇ ಇರಬಹುದು ಅಂತ ಮುಚ್ಚಳ ಸಡಿಲ ಬಿಟ್ಟು ಓಡಿಸಿದೆ, ಪ್ರಯೋಜನ ಇಲ್ಲ. ಬಿಸಿಯಾದಾಗ ಕಾಯಿಲ್ ಕೈಕೊಡೋದೂ ಉಂಟು. ನಿಂತ ತಕ್ಷಣ ಪ್ಲಗ್ ಬಿಚ್ಚಿ ಇಂಜಿನ್ ಮೈಗೆ ತಾಗಿಸಿ, ಗೋಣಿ ನೆರಳು ಮಾಡಿ ಹಗ್ಗ ಎಳೆದೆ. ನೀಲಿ ಕಿಡಿ ಚಟ್ ಅಂತ ಹಾರ್ತಾ ಇತ್ತು. ಕಂಪ್ರೆಷನ್ ನೋಡೋಕೆ ನಮ್ಮ ಹಳೇ ಉಪಾಯ, ಹಗ್ಗದ ಹಿಡಿ ಹಿಡಿದು ಇಂಜಿನ್‌ನ ಗಾಳಿಯಲ್ಲಿ ಎತ್ತೋದು. ಸರ್ ಅಂತ ಹಗ್ಗ ಬಿಚ್ಚಿಕೊಂಡು ಇಳಿದ್ರೆ ಪಿಸ್ಟನ್ ರಿಂಗ್ ಹೋಗಿದೆ ಅಂತ ಅರ್ಥ. ನಮ್ಮದು ತಡೆದು ತಡೆದು ಇಳೀತು, ಅಂದ್ರೆ ಚೆನ್ನಾಗಿದೆ. ಪೆಟ್ರೋಲ್ ಪೈಪು, ಫಿಲ್ಟರು, ಕಾರ್ಬುರೇಟರ್ ಬಟ್ಟಲು, ಜೆಟ್ಟು ಎಲ್ಲ ತೊಳೆದೆ. ಉಹೂಂ.

ಪೇಟೆಯಲ್ಲಿ ಒಂದು ಅಂಗಡಿಗೆ ತಗೊಂಡು ಹೋದೆ. ಅಲ್ಲಿ ಕಾರ್ಬುರೇಟರ್ ಸೂಜಿಯ ಕ್ಲಿಪ್ ಒಂದು ಕಚ್ಚು ಇಳಿಸಿ ಪೆಟ್ರೋಲ್ ಜಾಸ್ತಿ ಮಾಡಿಕೊಟ್ಟರು. ಅರ್ಧ ದಿನ ಚೆನ್ನಾಗಿ ಓಡ್ತು, ನಾನೂ ಗೆದ್ದೆ ಅಂದುಕೊಂಡೆ. ಮಾರನೇ ಬೆಳಿಗ್ಗೆ ಮತ್ತೆ ಕಿರುಚು. ವಾಪಸ್ ಹೋದ್ರೆ ಕಾರ್ಬುರೇಟರ್ರೇ ಹೋಗಿದೆ, ಹೊಸದು ಹಾಕಿ ಅಂದ್ರು. 650 ರೂಪಾಯಿ. ಹಾಕಿದೆ. ಅದೂ ಅಷ್ಟೇ. ಅಷ್ಟೊತ್ತಿಗೆ ಕಾಲುವೆ ಪಕ್ಕದ ಸಾಲುಗಳಲ್ಲಿ ಕಾಂಡಕ್ಕೆ ಕಪ್ಪು ಹತ್ತಿತ್ತು. ಕೈ ಪಂಪಿನಲ್ಲಿ ಹೊಡೆಯೋಣ ಅಂದ್ರೆ ಒಂದೂವರೆ ಎಕರೆ, ಕಡ್ಡಿ ಕಟ್ಟಿದ ಎದೆಯುದ್ದ ಗಿಡ, ಎಲೆ ಕೆಳಭಾಗಕ್ಕೆ ಔಷಧಿ ತಾಗೋದೇ ಇಲ್ಲ. ಬಾಡಿಗೆ ಮಿಷನ್ ಕೇಳಿದ್ರೆ ಆ ವಾರ ಯಾರ ಮಿಷನ್ನೂ ಖಾಲಿ ಇರಲಿಲ್ಲ, ಎಲ್ಲರ ತೋಟಕ್ಕೂ ಅದೇ ರೋಗ.

ನಮ್ಮ ಮಾವನವರು ಹೇಳಿದ್ರು, ಕೆಜಿಎಫ್‌ನಲ್ಲಿ ಮಾರಿಕುಪ್ಪಂ ಕಡೆ ಒಬ್ಬ ಹಳೇ ಮೈನ್ಸ್ ತಾತ ಇದಾರೆ, ಮನೆ ಮುಂದೆನೇ ರಿಪೇರಿ ಮಾಡ್ತಾರೆ, ಹೋಗು ಅಂತ. ಮಿಷನ್‌ನ ಬೈಕ್ ಹಿಂದೆ ಕಟ್ಟಿಕೊಂಡು ಬಂಗಾರಪೇಟೆ ದಾಟಿ ಹೊರಟೆ. ಮಳೆಯಲ್ಲಿ ಸೈನೈಡ್ ದಿಬ್ಬಗಳು ನೆಂದು ಬೂದು ಬಣ್ಣಕ್ಕೆ ತಿರುಗಿದ್ದವು. ಚಿಕ್ಕವನಿದ್ದಾಗ ಆ ದಿಬ್ಬ ನೋಡೋಕೆ ಅಂತಲೇ ಮಾರಿಕುಪ್ಪಂ ರೈಲು ಹತ್ತುತಾ ಇದ್ವಿ.

ತಾತನ ಮನೆ ಗಣಿ ಕಾಲೋನಿ ಲೈನಿನಲ್ಲಿ. ಮೈಸೂರು ಮೈನ್ಸ್‌ನಲ್ಲಿ ಗಾಳಿ ಕಂಪ್ರೆಸರ್ ಕಡೆ ಕೆಲಸ ಮಾಡ್ತಿದ್ರಂತೆ, 2001ರಲ್ಲಿ ಗಣಿ ಮುಚ್ಚೋವರೆಗೂ. ಎಪ್ಪತ್ತು ದಾಟಿದೆ, ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಮಾತು ಅರ್ಧ ಕನ್ನಡ, ಅರ್ಧ ತಮಿಳು. ನಾನು ಹೋದಾಗ ಮೇಜಿನ ಮೇಲೆ ಒಂದು ಆಟದ ಕಾರು ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ರಿಮೋಟಿನಲ್ಲಿ ಓಡಿಸೋದು, ಒಂದು ಮೊಳ ಉದ್ದ. ಬ್ಯಾಟರಿದಲ್ಲ, ನಿಜವಾದ ಇಂಜಿನ್ನು. ಬೆಂಗಳೂರಿನಲ್ಲಿ ಕೆಲಸ ಮಾಡೋ ಮೊಮ್ಮಗನದಂತೆ, ರಜೆಗೆ ಬಂದಾಗ ಮೈದಾನದಲ್ಲಿ ಓಡಿಸ್ತಾನಂತೆ.

ನನಗೆ ಒಳಗೊಳಗೇ ಸಿಟ್ಟು ಬಂತು. ನನ್ನ ಬೆಳೆ ಸಾಯ್ತಾ ಇದೆ, ಈ ಯಪ್ಪ ಆಟದ ಸಾಮಾನು ಇಟ್ಟುಕೊಂಡು ಕೂತಿದಾರೆ ಅಂತ. ತಾತ ನನ್ನ ಮಿಷನ್ ಸದ್ದು ಒಂದು ನಿಮಿಷ ಕೇಳಿದ್ರು. ಬಿಸಿಯಾಗಿ ಕಿರುಚೋಕೆ ಶುರುವಾದಾಗ ಚೋಕ್ ಅರ್ಧ ಎಳೆದ್ರು. ಕಿರುಚು ನಿಂತು ಇಂಜಿನ್ ಸಮಾಧಾನ ಆಯ್ತು. ಚೋಕ್ ಬಿಟ್ಟರೆ ಮತ್ತೆ ಕಿರುಚು. ಆಫ್ ಮಾಡಿ, ಆಟದ ಕಾರು ತೋರಿಸಿ ಅಂದ್ರು, "ತಂಬಿ, ಇದಕ್ಕೂ ಅದೇ ಜ್ವರ. ಇದು ಮಗು, ಅದು ದೊಡ್ಡೋರು, ಅಷ್ಟೇ."

ಆವಾಗ ನಾನು ಕೂತುಕೊಂಡೆ.

ಆ ಆಟದ ಇಂಜಿನ್ ಮೂರು ಸಿಸಿ ಚಿಲ್ಲರೆ. ನಿಮಿಷಕ್ಕೆ 30,000 ಸುತ್ತು ತಿರುಗ್ತದೆ. ಅದಕ್ಕೆ ಪೆಟ್ರೋಲ್ ಅಲ್ಲ, ಮೆಥನಾಲ್, ನೈಟ್ರೋಮೀಥೇನ್, ಎಣ್ಣೆ ಸೇರಿಸಿದ ಬೇರೆ ಇಂಧನ. ಕಿಡಿ ಹಾರಿಸೋ ಪ್ಲಗ್ಗೂ ಇಲ್ಲ, ಕಾಯಿಲ್ಲೂ ಇಲ್ಲ. ಪ್ಲಾಟಿನಂ ತಂತಿ ಸುತ್ತಿದ ಗ್ಲೋ ಪ್ಲಗ್ ಇರ್ತದೆ, ಸ್ಟಾರ್ಟ್ ಮಾಡೋವಾಗ ಬ್ಯಾಟರಿ ಕೊಟ್ಟು ಕೆಂಪಗೆ ಕಾಯಿಸ್ತಾರೆ, ಓಡೋಕೆ ಶುರುವಾದ್ಮೇಲೆ ಬ್ಯಾಟರಿ ತೆಗೆದರೂ ಅದು ಬಿಸಿಯಾಗೇ ಇರ್ತದೆ. ಇಷ್ಟೆಲ್ಲ ಬೇರೆ ಇದ್ದರೂ ಉಸಿರಾಡೋ ರೀತಿ ನಮ್ಮ ಸ್ಪ್ರೇಯರ್‌ದೇ. ಮೊಮ್ಮಗ ಅದರ ಸೂಜಿ ಸ್ಕ್ರೂ ತಿರುಗಿಸಿ ತಿರುಗಿಸಿ ಸಾಕಾಗಿ ಎರಡು ಗ್ಲೋ ಪ್ಲಗ್ ಸುಟ್ಟು ತಾತನ ಕೈಗೆ ಕೊಟ್ಟು ಹೋಗಿದ್ದ. ನಾನು ಹೊಸ ಕಾರ್ಬುರೇಟರ್ ತಗೊಂಡ ಹಾಗೆ.

ತಾತ ವಿವರಿಸಿದ್ದನ್ನ ನನಗೆ ಅರ್ಥ ಆದ ಹಾಗೆ ಹೇಳ್ತೀನಿ. ಫೋರ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಕೆಳಗಿನ ಕೋಣೆಯಲ್ಲಿ ಆಯಿಲ್ ಇರ್ತದೆ. ಇಂಥ ಟೂ ಸ್ಟ್ರೋಕ್‌ನಲ್ಲಿ ಆ ಕೋಣೆನೇ ಪಂಪು. ಪಿಸ್ಟನ್ ಮೇಲೆ ಹೋದಾಗ ಕೆಳಗಡೆ ಎಳೆತ ಆಗಿ ಕಾರ್ಬುರೇಟರ್‌ನಿಂದ ಪೆಟ್ರೋಲ್, ಆಯಿಲ್, ಗಾಳಿ ಮೂರೂ ಕೋಣೆಗೆ ಬರ್ತವೆ. ಪಿಸ್ಟನ್ ಇಳಿದಾಗ ಒತ್ತಡ ಬಿದ್ದು ಪಕ್ಕದ ದಾರಿಯಿಂದ ಮೇಲಕ್ಕೆ ಹೋಗ್ತವೆ. ಈ ಕೋಣೆಯಿಂದ ಕ್ರ್ಯಾಂಕ್ ಹೊರಗೆ ಬರೋ ಎರಡೂ ಕಡೆ ಒಂದೊಂದು ರಬ್ಬರ್ ಆಯಿಲ್ ಸೀಲ್ ಇರ್ತದೆ. ಹೆಸರು ಆಯಿಲ್ ಸೀಲ್, ಕೆಲಸ ಗಾಳಿ ತಡೆಯೋದು. ಆ ಸೀಲು ಒಂದು ಕೂದಲೆಳೆ ಸೀಳಿದ್ರೂ ಕಾರ್ಬುರೇಟರ್ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಇಂಜಿನ್ ಕಿರುಚ್ತದೆ, ಸುಡ್ತದೆ. ಪೆಟ್ರೋಲ್ ಜೊತೆನೇ ಆಯಿಲ್ ಬರೋದರಿಂದ ಬಿಸಿ ಏರಿದ ಹೊತ್ತಿಗೆ ಸರಿಯಾಗಿ ಆಯಿಲ್ಲೂ ಕಡಿಮೆ ಆಗ್ತದೆ. ಬಿಸಿಯಾದಷ್ಟೂ ಸೀಳು ಬಾಯಿ ಬಿಡ್ತದೆ, ತಣ್ಣಗಾದ್ರೆ ಮುಚ್ಚಿಕೊಳ್ತದೆ. ಅದಕ್ಕೇ ಬೆಳಿಗ್ಗೆ ಸರಿ, ಹತ್ತು ನಿಮಿಷ ಆದ್ಮೇಲೆ ಗಲಾಟೆ. ಅಂಗಡಿಯವರು ಸೂಜಿ ಎತ್ತಿ ಪೆಟ್ರೋಲ್ ಜಾಸ್ತಿ ಮಾಡಿದಾಗ ಅರ್ಧ ದಿನ ಸರಿಹೋಗಿದ್ದೂ, ತಾತ ಚೋಕ್ ಎಳೆದಾಗ ಸುಮ್ಮನಾಗಿದ್ದೂ ಇದಕ್ಕೇ. ನಾವು ಪೆಟ್ರೋಲ್ ಸೇರಿಸಿ ರೋಗ ಮುಚ್ಚಿಡ್ತಾ ಇದ್ವಿ, ತೂತು ದೊಡ್ಡದಾಗ್ತಾ ಇತ್ತು.

"ಮತ್ತೆ ಪ್ಲಗ್ ಬೆಳ್ಳಗಿರೋದು ಆಯಿಲ್ ಹಾಕದೆ ಅಲ್ವಾ ತಾತ?" ಅಂತ ಕೇಳಿದೆ.

"ಯಾರು ಹೇಳಿದ್ದು?"

ನಾನು ಮಾತಾಡಲಿಲ್ಲ.

ತಾತ ಟ್ಯಾಂಕಿಗೆ ಬೆರಳು ಅದ್ದಿ, ಒಂದು ಬಿಳಿ ಕಾಗದದ ಮೇಲೆ ಒಂದು ತೊಟ್ಟು ಹಾಕಿ, ಫ್ಯಾನ್ ಕೆಳಗೆ ಇಟ್ಟರು. ಎರಡು ನಿಮಿಷಕ್ಕೆ ಪೆಟ್ರೋಲ್ ಆರಿಹೋಯ್ತು. ಕಾಗದದ ಮೇಲೆ ಬಜ್ಜಿ ಇಟ್ಟು ತೆಗೆದಂಗೆ ದುಂಡಗೆ ಎಣ್ಣೆ ಕಲೆ ಉಳೀತು. "ಎಣ್ಣೆ ಇದೆಯಲ್ಲ ತಂಬಿ" ಅಂದ್ರು. ಅದು ನಮ್ಮ ಹುಡುಗ ಕೊನೇ ದಿನ ಕಲಸಿಟ್ಟಿದ್ದ ಪೆಟ್ರೋಲೇ. ನಾನು ಬೇರೆ ಹಾಕಿರಲಿಲ್ಲ, ಅದನ್ನೇ ಮುಗಿಸ್ತಾ ಇದ್ದೆ. ಸೈಲೆನ್ಸರ್ ಬಿಚ್ಚಿದ್ರು. ಆ ಕಿಂಡಿಯಲ್ಲಿ ಪಿಸ್ಟನ್ ಕಾಣಿಸ್ತದೆ. ಅಲ್ಲಿ ಉದ್ದುದ್ದ ಸಣ್ಣ ಗೀರು ಬಿದ್ದಿತ್ತು. ಕಾರ್ಬುರೇಟರ್ ಕಡೆಯಿಂದ ನೋಡಿದ್ರೆ ಪಿಸ್ಟನ್ ನುಣ್ಣಗೆ, ಎಣ್ಣೆ ಪಸೆ ಹಾಗೇ ಇತ್ತು. ಎಣ್ಣೆ ಇಲ್ಲದೆ ಓಡಿದ್ರೆ ಹೆಚ್ಚಾಗಿ ಸುತ್ತಾ ಗೀರು ಬೀಳ್ತದೆ, ಪೆಟ್ರೋಲ್ ಸಾಲದೆ ಸುಟ್ಟಿದ್ರೆ ಮೊದಲು ಸೈಲೆನ್ಸರ್ ಕಡೆ ಬೀಳ್ತದೆ ಅಂದ್ರು. ಇನ್ನೊಂದು ವಾರ ಹಿಂಗೇ ಓಡಿಸಿದ್ರೆ ಸೀಜ್ ಆಗಿ ಪಿಸ್ಟನ್ ಹಿಡ್ಕೊಂಡುಬಿಡೋದಂತೆ.

ಆ ಕಾಗದ ನೋಡ್ತಾ ನೋಡ್ತಾ ನನಗೆ ಹೊಟ್ಟೆ ತೊಳಸಿದಂಗೆ ಆಯ್ತು. ಮೋಡ ಇದ್ದರೂ ಎರಡು ನಿಮಿಷದ ಕೆಲಸ ಅದು. ಕಾಗದ ಪಂಪ್ ಮನೆಯಲ್ಲೇ ಇತ್ತು, ಕ್ಯಾಲೆಂಡರ್ ಹಿಂಬದಿ ಸಾಕಾಗಿತ್ತು.

ಇನ್ನು ಸೋರಿಕೆ ಹುಡುಕಿದ್ದು ಹೇಗೆ ಅಂತ. ಇದು ನಿಮಗೆ ಉಪಯೋಗಕ್ಕೆ ಬರ್ತದೆ. ತಾತನ ಹತ್ತಿರ ಒಂದು ಹಳೇ ಪ್ಲಗ್ ಇದೆ. ಒಳಗಿನ ಪಿಂಗಾಣಿ ಒಡೆದು ತೆಗೆದು, ಆ ತೂತಿಗೆ ಸೈಕಲ್ ಟ್ಯೂಬಿನ ವಾಲ್ವ್ ಬೆಸುಗೆ ಹಾಕಿಸಿದಾರೆ. ಅದನ್ನ ಪ್ಲಗ್ ಜಾಗಕ್ಕೆ ಬಿಗಿದ್ರು. ಸೈಲೆನ್ಸರ್ ಬಾಯಿಗೆ ಒಂದು, ಕಾರ್ಬುರೇಟರ್ ಬಾಯಿಗೆ ಒಂದು, ಟ್ಯೂಬ್ ರಬ್ಬರ್ ತುಂಡು ಇಟ್ಟು ಅದರ ಮೇಲೆ ತಗಡು ಕೂರಿಸಿ ಬೋಲ್ಟ್ ಬಿಗಿದ್ರು. ಪಿಸ್ಟನ್ ಪೂರ್ತಿ ಕೆಳಗೆ ಇಳಿಸಿದ್ರು, ಆವಾಗ ಮೇಲಿನ ಜಾಗಕ್ಕೂ ಕೆಳಗಿನ ಕೋಣೆಗೂ ದಾರಿ ತೆರೆದಿರ್ತದೆ. ಫ್ಯಾನ್ ಚಕ್ರ, ಇನ್ನೊಂದು ಕಡೆ ಕ್ಲಚ್ಚು, ಎರಡೂ ತೆಗೆದು ಸೀಲು ಕಾಣೋ ಹಾಗೆ ಮಾಡಿದ್ರು. ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಬಿಟ್ಟರು. ಮೆಲ್ಲಗೆ ಅನ್ನೋದು ಮುಖ್ಯ. ಟೈರಿಗೆ ಹೊಡೆದಂಗೆ ಹೊಡೆದ್ರೆ ಒಳ್ಳೆ ಸೀಲೇ ಕಿತ್ಕೊಂಡು ಬರ್ತದಂತೆ. ಆಮೇಲೆ ಸೋಪು ನೀರು. ಕ್ಲಚ್ ಕಡೆ ಸೀಲಿನ ಮೇಲೆ ಬಿಟ್ಟರೆ ಏನೂ ಇಲ್ಲ. ಫ್ಯಾನ್ ಕಡೆ ಸೀಲಿನ ಮೇಲೆ ಬಿಟ್ಟ ತಕ್ಷಣ ಸಣ್ಣ ಸಣ್ಣ ಗುಳ್ಳೆ, ಸಾಸಿವೆ ಕಾಳಿನಷ್ಟು, ಸಾಲಾಗಿ ಎದ್ದವು.

"ಮೈನ್ಸ್‌ನಲ್ಲಿ ಡ್ರಿಲ್ ಎಲ್ಲ ಗಾಳಿಯಲ್ಲೇ ಓಡೋದು" ಅಂದ್ರು ತಾತ. ಮೇಲೆ ಕಂಪ್ರೆಸರ್, ಕೆಳಗೆ ಬಂಡೆ ಕೊರೆಯೋ ಡ್ರಿಲ್ಲು, ನಡುವೆ ಪೈಪೋ ಪೈಪು. ಚಾಂಪಿಯನ್ ರೀಫ್ ಕಡೆ ಮೂರು ಕಿಲೋಮೀಟರ್‌ಗಿಂತ ಆಳ ಇಳಿದಿದ್ದ ಗಣಿ ಅದು. ಕೆಳಗಿನವನು ಡ್ರಿಲ್ ಎಳೀತಾ ಇಲ್ಲ ಅಂದ್ರೆ ಮೊದಲು ಡ್ರಿಲ್ಲು ಹಿಡಿದವನನ್ನ ಬೈಯೋರಂತೆ, ಅವನಿಗೆ ಬರಲ್ಲ ಅಂತ. ಸೋಪು ನೀರು ಹಿಡಿದುಕೊಂಡು ಜಾಯಿಂಟ್ ಜಾಯಿಂಟ್ ನೋಡ್ಕೊಂಡು ಹೋದ್ರೆ ಎಲ್ಲೋ ಒಂದು ಕಡೆ ವಾಷರ್ ಹೋಗಿರೋದು. ನಾನು ಹುಡುಗನ ವಿಷಯ ಅವರಿಗೆ ಹೇಳಿರಲಿಲ್ಲ. ಹೇಳದೇನೇ ಸರಿಯಾಗಿ ಅಲ್ಲಿಗೇ ಬಂತು ಮಾತು.

ಆಟದ ಕಾರಿನದು ಸೀಲಲ್ಲ, ಕಾರ್ಬುರೇಟರ್ ಕೂರೋ ಕತ್ತಿನ ರಬ್ಬರ್ ರಿಂಗು ಹೋಗಿತ್ತು. ಅದೇ ಸೋಪು ನೀರಲ್ಲೇ ಸಿಕ್ಕಿತ್ತಂತೆ.

ಸೀಲು ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಸಿಕ್ತು, ಎರಡಕ್ಕೆ 120 ರೂಪಾಯಿ. ಒಂದೇ ಹೋಗಿದ್ದರೂ ಎರಡೂ ಬದಲಾಯಿಸಿ ಅಂದ್ರು, ವಯಸ್ಸು ಎರಡಕ್ಕೂ ಒಂದೇ. ಬಿಚ್ಚಿದ ಸೀಲು ಕೈಗೆ ಕೊಟ್ಟರು. ತುಟಿ ಗಟ್ಟಿಯಾಗಿ ಒಂದು ಕಡೆ ಉಗುರಿನಷ್ಟು ಸೀಳಿತ್ತು. ಬೇಸಿಗೆಯಲ್ಲಿ ನಾಲ್ಕು ತಿಂಗಳು ಮಿಷನ್‌ನ ಟ್ಯಾಂಕಲ್ಲಿ ಪೆಟ್ರೋಲ್ ಇಟ್ಟುಕೊಂಡೇ ಶೆಡ್ಡಿನಲ್ಲಿ ಬಿಟ್ಟಿದ್ದವನು ನಾನು. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರ್ತದೆ, ಅದು ಗಾಳಿಯ ತೇವ ಎಳೀತದೆ, ಹಳೇ ರಬ್ಬರಿಗೂ ಒಳ್ಳೇದಲ್ಲ. ಸೀಲು ಹೋಗಿದ್ದು ಅದರಿಂದನೋ ವಯಸ್ಸಾಗಿನೋ, ಹುಡುಗನಿಂದ ಅಂತೂ ಅಲ್ಲ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಲ್ಲಿ ಉಳಿದಿದ್ದು ಮುಗಿದು ತಾನೇ ನಿಲ್ಲೋವರೆಗೂ ಓಡಿಸಿಡಿ. ನಾನೂ ಈಗ ಹಂಗೇ ಮಾಡ್ತಾ ಇದೀನಿ.

ಗೀರು ಬಿದ್ದ ಪಿಸ್ಟನ್‌ನ ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ, ಸೂಜಿ ಕ್ಲಿಪ್ ಹಳೇ ಕಚ್ಚಿಗೆ ಏರಿಸಿ ನನ್ನ ಹಳೇ ಕಾರ್ಬುರೇಟರನ್ನೇ ವಾಪಸ್ ಹಾಕಿದ್ರು. ಸ್ಟಾರ್ಟ್ ಮಾಡಿದ್ರೆ ಆಕ್ಸಿಲೇಟರ್ ಬಿಟ್ಟ ತಕ್ಷಣ ಇಳಿದು ಟುಕುಟುಕು ಅಂತ ಕೂತ್ಕೊಂಡಿತು. ಅರ್ಧ ಗಂಟೆ ಓಡಿಸಿದ್ವಿ, ಒಂದೇ ಸದ್ದು. 200 ರೂಪಾಯಿ ತಗೊಂಡ್ರು, ಜಾಸ್ತಿ ಕೊಟ್ಟರೆ ಬೇಡ ಅಂದ್ರು. ಆಮೇಲೆ ಒಂದು ಬಾಕ್ಸ್ ಟಮೋಟ ಕೊಟ್ಟುಬಂದೆ. ಹೊಸ ಕಾರ್ಬುರೇಟರ್ ಮನೆಯಲ್ಲಿದೆ, ಯಾರಿಗಾದರೂ ಬೇಕಿದ್ರೆ ಹೇಳಿ.

ಅವತ್ತು ಸಂಜೆ ಮೋಡ ಒಡೆದಿತ್ತು. ಮೇಲಿನ ಸಾಲಿಗೆಲ್ಲ ನಾನೇ ಹೊತ್ತು ಹೊಡೆದೆ. ಬೆನ್ನಿನ ಮೇಲೆ ಇಂಜಿನ್ ಬಿಸಿ, ಕಿವಿ ಪಕ್ಕ ಸದ್ದು, ಭುಜಕ್ಕೆ ಪಟ್ಟಿ ಕೊರೆತ. ಆರು ಟ್ಯಾಂಕಿಗೆ ನನ್ನ ಸೊಂಟ ಕೂತುಹೋಯ್ತು. ಅವನು ಒಂದು ದಿನಕ್ಕೆ ಹದಿನೈದು ಹದಿನಾರು ಹೊಡೀತಾ ಇದ್ದ. ಕಾಲುವೆ ಪಕ್ಕದ ಎಂಟು ಸಾಲು ಆಗಲೇ ಹೋಗಿತ್ತು, ಕಿತ್ತು ದೂರ ಹಾಕಿ ಸುಟ್ಟೆ.

ರಾತ್ರಿ ಅವನ ಮನೆಗೆ ಹೋದೆ. ಅವರಮ್ಮ ಬಾಗಿಲಲ್ಲಿ ಕೂತಿದ್ರು. "ಬಾಪ್ಪಾ" ಅಂದ್ರು, ಒಳಗೆ ಕರೀಲಿಲ್ಲ. ಅವನು ಹೊರಗೆ ಬಂದ. ಆ ಸೀಲು ಜೇಬಿನಿಂದ ತೆಗೆದು ಅವನ ಕೈಗೆ ಕೊಟ್ಟು, ಹೋಗಿದ್ದು ಇದು ಕಣಪ್ಪಾ, ನೀನು ಆಯಿಲ್ ಹಾಕಿದ್ದೆ, ತಪ್ಪು ನಂದು ಅಂದೆ. ಅವನು ಬೀದಿ ದೀಪದ ಬೆಳಕಿಗೆ ಹಿಡಿದು ಸೀಳು ನೋಡಿದ. "ಕ್ಯಾಪ್ಸಿಕಂ ಇನ್ನು ಮೂರು ದಿನ ಇದೆಯಣ್ಣಾ, ಮಾತು ಕೊಟ್ಟಿದೀನಿ" ಅಂದ. ನಾನು ಬೈದಾಗ ಕಟ್ಟೆ ಮೇಲೆ ಹೆಣ್ಣಾಳುಗಳು ಕೂತಿದ್ರಲ್ಲ, ಮಾರನೇ ಬೆಳಿಗ್ಗೆ ಅವರ ಮುಂದೆನೂ ಅದೇ ಮಾತು ಹೇಳಿದೆ. ಒಬ್ಬಳು ನಕ್ಕಳು, ಉಳಿದವರು ಕೆಲಸಕ್ಕೆ ಹೋದ್ರು.

ನಾಲ್ಕನೇ ದಿನ ಬಂದ. ಗೋಡೆ ಮೇಲಿದ್ದ ಮುಚ್ಚಳ ತೊಳೆದು ತಗೊಂಡ. ಈಗ ಪೆಟ್ರೋಲ್ ಕಲಸೋವಾಗ ನಾನು ಎಲ್ಲೇ ಇದ್ದರೂ "ಅಣ್ಣಾ" ಅಂತ ಕೂಗ್ತಾನೆ. ನಾನು ನೋಡೋವರೆಗೂ ಕಾದು, ಒಂದೊಂದು ಮುಚ್ಚಳ ಮೇಲೆ ಎತ್ತಿ ತೋರಿಸಿ, ಒಂದು, ಎರಡು ಅಂತ ಎಣಿಸಿ ಹಾಕ್ತಾನೆ. ಬೇಡ ಕಣೋ, ನನಗೆ ತೋರಿಸಬೇಡ ಅಂತ ಮೂರು ಸಲ ಹೇಳಿದೀನಿ. ಇವತ್ತು ಬೆಳಿಗ್ಗೆನೂ ಕೂಗಿದ.